ಪದವಿ-ಕ್ಷೇತ್ರ ಮೀಮಾಂಸೆ

ಆಂಗ್ಲ ಕಥಾಸಾಹಿತ್ಯದಲ್ಲಿ ಕುಲೀನ ಕುಟುಂಬದ ಪರಂಪರಾಗತ ಗ್ರಾಮಗೃಹ, ಅದಕ್ಕೆ ಹೊಂದಿದ ಭೂಮಿ, ಆ ಕುಟುಂಬದ ಹಿರಿಯ ಧರಿಸುವ ಪದವಿ, ಇವು ಒಂದೇ ಉಸಿರಿನಲ್ಲಿ ಉಕ್ತವಾಗುತ್ತವೆ. ಡೌನ್ಟನ್ ಎಂದರೆ ಗ್ರಾಂಥಮ್ಮಿನ ಅರ್ಲ್, ಬ್ಲಾಂಡಿಂಗ್ಸ್ ಎಂದರೆ ಎಮ್ಸ್‌ವರ್ತಿನ ಅರ್ಲ್, ಬ್ರೈಡ್ಸ್‌ಹೆಡ್ ಎಂದರೆ ಮಾರ್ಚ್‌ಮೇನಿನ ಮಾರ್ಕ್ವೆಸ್. ಈ ಸಹೋಕ್ತಿಯೇ ಇಲ್ಲಿಯ ವಿಷಯ. ಸಂಶಯವಿಷ್ಟು: ಪದವಿ ಮತ್ತು ಭೂಮಿ ಒಂದೇ ವಸ್ತುವಿನ ಎರಡು ಧರ್ಮಗಳೋ, ಭಿನ್ನ ನಿಯಮಗಳಿಗೆ ಅಧೀನವಾಗಿದ್ದು ಒಬ್ಬನಲ್ಲಿ ಬಂದು ಕೂಡಿದ ಎರಡು ವಸ್ತುಗಳೋ? ಮೊದಲನೆಯದಾದರೆ ಈ ಕಥೆಗಳಲ್ಲಿ ಕಥೆಯೇ ಇರಬಾರದು. ತಂದೆ ತೀರಿದ, ಮಗ ಬಂದ, ಅಷ್ಟೆ. ಎರಡನೆಯದಾದರೆ ಅವು ಕೂಡಿರುವುದಕ್ಕೆ ಹೇತುವನ್ನು ಹೇಳಬೇಕಾಗುತ್ತದೆ. ಎರಡನೆಯದೇ ಸಿದ್ಧಾಂತವೆಂದೂ, ಆ ಹೇತು ಒಂದು ಬಂಧಪತ್ರವೆಂದೂ, ಆ ಪತ್ರ ಬಿಗಿಯುವ ಅಥವಾ ಸಡಿಲುವ ಎಡೆಯಲ್ಲೇ ಕಥೆ ಹುಟ್ಟುತ್ತದೆಂದೂ ಮುಂದೆ ಸಾಧಿಸಲಾಗುವುದು.

ಮೊದಲು ಲಕ್ಷಣ. ಅನುವಂಶಿಕ ಪದವಿಯ ಒಬ್ಬ ಧಾರಕನಿಂದ ಮುಂದಿನ ಧಾರಕನಿಗೆ ಅವಿಭಕ್ತವಾಗಿ ಸಲ್ಲಬೇಕೆಂಬ ಉದ್ದೇಶದಿಂದ ನಿಬದ್ಧವಾದ, ಗೃಹಸಹಿತವಾದ ಗ್ರಾಮಭೂಮಿಯು ಕುಲಕ್ಷೇತ್ರ. ಇಲ್ಲಿ ಪ್ರತಿಯೊಂದು ಪದಕ್ಕೂ ಕೃತ್ಯವಿದೆ. ‘ಪದವಿ’ ಎನ್ನದೆ ಹೋದರೆ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯ ಲಾಂಗ್‌ಬೋರ್ನಿನಲ್ಲಿ ಅತಿವ್ಯಾಪ್ತಿ ಬರುತ್ತದೆ. ಆ ಆಸ್ತಿ ಕಾಲಿನ್ಸನಿಗೆ ಸಲ್ಲುವಂತೆ ನಿಬದ್ಧವಾಗಿದೆ, ಆದರೆ ಅದರ ಈಗಿನ ಒಡೆಯ ಬೆನೆಟ್ಟನು ಬಿರುದಿಲ್ಲದ ಗೃಹಸ್ಥ. ‘ಅನುವಂಶಿಕ’ ಎಂಬುದು ಅದೇ ಕಾದಂಬರಿಯ ಸರ್ ವಿಲಿಯಂ ಲೂಕಸನನ್ನು ವಾರಿಸುತ್ತದೆ. ಆತ ವ್ಯಾಪಾರದಲ್ಲಿ ಗಳಿಸಿ, ನೈಟ್ ಪದವಿ ಪಡೆದು, ಪೇಟೆಗೆ ಒಂದು ಮೈಲಿ ದೂರದ ಮನೆಗೆ ತನ್ನ ಹೆಸರನ್ನೇ ಇಟ್ಟುಕೊಂಡವನು. ಆತನ ‘ಸರ್’ ಆತನೊಂದಿಗೇ ಮಣ್ಣಾಗುತ್ತದೆ. ‘ನಿಬದ್ಧ’ ಎಂಬುದರಿಂದ ರೋಸಿಂಗ್ಸ್ ಹೊರಗಾಯಿತು. ಅದರ ಒಡತಿ ಲೇಡಿ ಕ್ಯಾಥರೀನಳೇ ತನ್ನ ಗಂಡನ ಮನೆತನದವರು ಹೆಣ್ಣುಸಂತತಿಯನ್ನು ಹೊರಗಿಡುವ ಅಗತ್ಯ ಕಾಣಲಿಲ್ಲವೆಂದು ಎಲಿಜಬೆತ್ತಳ ಮುಂದೆ ಹೇಳಿಕೊಳ್ಳುತ್ತಾಳೆ. ‘ಗ್ರಾಮಭೂಮಿ’ ಎಂದುದರಿಂದ ಲಂಡನ್ನಿನ ನಿವಾಸಗಳಿಗೆ ವ್ಯಾವೃತ್ತಿ. ವರ್ಷಕ್ಕೆ 10,000 ಪೌಂಡು ಹುಟ್ಟುವಳಿಯ ಪೆಂಬರ್ಲಿಯೂ ಲಕ್ಷ್ಯವಲ್ಲ, ಏಕೆಂದರೆ ಡಾರ್ಸಿಗೆ ಬಿರುದಿಲ್ಲ. ಓದುಗವರ್ಗದ ಪಕ್ಷಪಾತ ಎಷ್ಟೇ ಪ್ರಬಲವಾಗಿದ್ದರೂ ಲಕ್ಷಣವನ್ನು ಅದಕ್ಕಾಗಿ ಹಿಗ್ಗಿಸಲಾಗದು. ‘ಉದ್ದೇಶದಿಂದ’ ಎಂಬ ಪದದ ಕೃತ್ಯವನ್ನು ಬ್ರೈಡ್ಸ್‌ಹೆಡ್ ಪ್ರಕರಣದಲ್ಲಿ ಹೇಳುವುದು ಯುಕ್ತ.

ಕಲ್ಪಿತತ್ವವು ವ್ಯಕ್ತಿಗೆ ಅನ್ವಯಿಸುವ ಧರ್ಮ, ಜಾತಿಗೆ ಅನ್ವಯಿಸುವುದಲ್ಲ. ಡೌನ್ಟನ್ನಿನ ಕ್ರಾಲಿ ಎಂಬ ಅರ್ಲ್ ಮನೆತನ ಯಾವ ದಾಖಲೆಯಲ್ಲೂ ಇಲ್ಲ. ಅರ್ಲ್ ಎಂಬ ಶ್ರೇಣಿ, ಅದರ ಸಂಕ್ರಮಣಕ್ರಮ, ಭೂಮಿಯನ್ನು ಕಟ್ಟಿಹಾಕುವ ಕಾನೂನು, ಇವು ಇವೆ. ಕಥೆಗಾರ ಧಾರಕನನ್ನು ಸೃಷ್ಟಿಸಬಹುದು, ಧಾರಣೆಯ ನಿಯಮವನ್ನು ಸೃಷ್ಟಿಸಲಾಗದು. ಸೃಷ್ಟಿಸಿದರೆ ಅದು ಅಜ್ಜಿಕತೆಯ ರಾಜ, ಆಂಗ್ಲ ಕುಲೀನನಲ್ಲ. ‘ಎಲ್ಲವೂ ಕಟ್ಟುಕತೆಯಾದ ಮೇಲೆ ದಾಯನಿಯಮದ ಗೋಜೇಕೆ’ ಎನ್ನುವವನಿಗೆ ಇಷ್ಟೇ ಉತ್ತರ ಸಾಕು.

ಪದವಿಯ ವಿಭಾಗ. ಶ್ರೇಣಿಭೇದದಿಂದ ಪದವಿ ದ್ವಿವಿಧ: ಪಿಯರೇಜ್ ಮತ್ತು ತದ್ಬಾಹ್ಯ. ಪಿಯರೇಜಿನಲ್ಲಿ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಅವರೋಹಕ್ರಮ. ತದ್ಬಾಹ್ಯವಾದುದು ಬ್ಯಾರೊನೆಟ್, 1611ರಲ್ಲಿ ಮೊದಲನೆಯ ಜೇಮ್ಸ್ ದೊರೆ ಪ್ರವರ್ತಿಸಿದ್ದು, ಅನುವಂಶಿಕವಾದರೂ ಧಾರಕನನ್ನು ಸಾಮಾನ್ಯ ಪ್ರಜೆಯ ಕಕ್ಷೆಯಿಂದ ಮೇಲೆತ್ತದು. ಉತ್ಪತ್ತಿಭೇದದಿಂದ ಪಿಯರೇಜ್ ಮತ್ತೆ ಎರಡು ಬಗೆ: ದೊರೆಯ ಸನ್ನದಿನಿಂದ ಹುಟ್ಟಿದ್ದು, ಪಾರ್ಲಿಮೆಂಟಿಗೆ ಕರೆದ ಆಹ್ವಾನಪತ್ರದಿಂದ ಹುಟ್ಟಿದ್ದು. ಸನ್ನದಿನಲ್ಲಿ ಯಾರಿಗೆ ಸಲ್ಲಬೇಕೆಂಬುದು ಬರೆದಿರುತ್ತದೆ, ಸಾಮಾನ್ಯವಾಗಿ ಔರಸ ಪುರುಷಸಂತತಿಗೆ ಮಾತ್ರ. ಆಹ್ವಾನಪತ್ರದಲ್ಲಿ ಅಂಥ ನಿರ್ಬಂಧವಿಲ್ಲವಾದ್ದರಿಂದ ಗಂಡು ಇಲ್ಲದಾಗ ಹೆಣ್ಣಿನ ಮೂಲಕವೂ ಅದು ಸಾಗುತ್ತದೆ. ಈ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಕಡೆಯ ಪ್ರಕರಣದ ನಿರ್ಣಯ ಇದರ ಮೇಲೆ ನಿಂತಿದೆ.

ಪ್ರಯೋಗಭೇದದಿಂದ ಮುಖ್ಯ ಮತ್ತು ಔಪಚಾರಿಕ. ಬಾಲಕನನ್ನು ಸಿಂಹವೆಂದಂತೆ, ಪದವಿಯಿಲ್ಲದವನಲ್ಲಿ ಪದವಿಶಬ್ದದ ಪ್ರಯೋಗ ಔಪಚಾರಿಕ. ಮಾರ್ಕ್ವೆಸನ ಹಿರಿಯ ಮಗನು ತಂದೆಯ ಕೆಳಶ್ರೇಣಿಯ ಬಿರುದೊಂದನ್ನು ಸೌಜನ್ಯಕ್ಕಾಗಿ ಧರಿಸುತ್ತಾನೆ. ಮಾರ್ಚ್‌ಮೇನನ ಹಿರಿಯ ಮಗ ಬ್ರೈಡ್ಸ್‌ಹೆಡ್ಡಿನ ಅರ್ಲ್ ಎನಿಸುವುದು ಹೀಗೆ. ಕಿರಿಯ ಮಗ ಲಾರ್ಡ್ ಸೆಬಾಸ್ಟಿಯನ್, ಹೆಣ್ಣುಮಕ್ಕಳು ಲೇಡಿ ಜೂಲಿಯಾ, ಲೇಡಿ ಕಾರ್ಡೀಲಿಯಾ. ಅರ್ಲನ ಕಿರಿಯ ಮಗನಿಗೆ ‘ಲಾರ್ಡ್’ ಸಲ್ಲದು, ‘ಆನರಬಲ್’ ಮಾತ್ರ. ವುಡ್‌ಹೌಸನ ಬ್ಲಾಂಡಿಂಗ್ಸ್ ಕಥೆಗಳ ಫ್ರೆಡ್ಡಿ ಥ್ರೀಪ್‌ವುಡ್ಡನ ಹೆಸರಿನ ಹಿಂದೆ ಕಾಣುವುದು ಅದೇ. ಅರ್ಲನ ಮಗಳಿಗೆ ಆದರೋ ‘ಲೇಡಿ’ ಅವಳ ಸ್ವಂತ ಹೆಸರಿಗೇ ಅಂಟುತ್ತದೆ. ಆದುದರಿಂದಲೇ ರೋಸಿಂಗ್ಸಿನ ಒಡತಿ ಲೇಡಿ ಕ್ಯಾಥರೀನ್ ಎನಿಸಿದಳೇ ಹೊರತು ಲೇಡಿ ಡಿ ಬರ್ಗ್ ಎನಿಸಲಿಲ್ಲ. ಗಂಡ ಬರಿಯ ಸರ್ ಲೂಯಿಸ್, ತಂದೆ ಅರ್ಲ್. ಇವೆಲ್ಲ ಉಪಚಾರಗಳು, ಇವುಗಳಿಂದ ಒಂದು ಎಕರೆ ಭೂಮಿಯೂ ಲಭಿಸದು. ಸಂಬೋಧನೆಯಲ್ಲಿ ತಪ್ಪಿದ ಕಾದಂಬರಿಕಾರನನ್ನು ಮಾತ್ರ ಆಂಗ್ಲ ವಿಮರ್ಶಕರು ಕೊಲೆಯ ಸುಳಿವು ತಪ್ಪಿದವನಿಗಿಂತ ಕಠಿಣವಾಗಿ ಶಿಕ್ಷಿಸುತ್ತಾರೆ.

ಉತ್ತರಾಧಿಕಾರಿಯ ನಿರೂಪಣೆ ಇನ್ನೂ ಸೂಕ್ಷ್ಮ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯೆಯಲ್ಲಿ ದಾಯವನ್ನು ಅಪ್ರತಿಬಂಧ, ಸಪ್ರತಿಬಂಧ ಎಂದು ವಿಭಜಿಸಿದನು. ಪುತ್ರಪೌತ್ರರಿಗೆ ತಂದೆ ತಾತಂದಿರ ಧನದಲ್ಲಿ ಜನ್ಮದಿಂದಲೇ ಸ್ವತ್ವ, ಅದಕ್ಕೆ ತಡೆಯಿಲ್ಲ. ಸೋದರ, ಪಿತೃವ್ಯ ಮೊದಲಾದವರ ಪಾಲಿಗೆ ಒಡೆಯನಿರುವುದು, ಒಡೆಯನಿಗೆ ಮಗನಿರುವುದು ತಡೆ. ಆಂಗ್ಲನ್ಯಾಯವೂ ಉತ್ತರಾಧಿಕಾರಿಯನ್ನು ಎರಡಾಗಿ ಒಡೆಯುತ್ತದೆ: ತನಗಿಂತ ಹತ್ತಿರದವನೊಬ್ಬ ಹುಟ್ಟಿ ತನ್ನನ್ನು ತಳ್ಳಲಾರದಂಥವನು ನಿಶ್ಚಿತ, ತಳ್ಳಬಲ್ಲ ಶಿಶುವಿನ ಜನನ ಸಂಭಾವ್ಯವಾಗಿರುವವನು ಸಂಭಾವಿತ. ಎರಡು ವಿಭಾಗಗಳಿಗೂ ಸಾದೃಶ್ಯವಿದೆ, ಐಕ್ಯವಿಲ್ಲ. ಮಿತಾಕ್ಷರೆಯ ಪುತ್ರನಿಗೆ ತಂದೆ ಬದುಕಿರುವಾಗಲೇ ಸ್ವತ್ವ. ಆಂಗ್ಲರ ನಿಶ್ಚಿತನಿಗೂ ತಂದೆ ಬದುಕಿರುವಷ್ಟು ಕಾಲ ಪದವಿಯಲ್ಲಿ ಆಶೆಯಷ್ಟೇ ಉಂಟು. ಮಿತಾಕ್ಷರೆಯಲ್ಲಿ ಸೋದರರು ಸಮಾಂಶಿಗಳು. ಇಂಗ್ಲೆಂಡಿನಲ್ಲಿ ಕಿರಿಯವನಿಗೆ ಸೈನ್ಯ, ಚರ್ಚು, ಇಲ್ಲವೇ ಭಾರತದ ನೌಕರಿ. ವಿಭಾಗವೇ ಧರ್ಮವೆಂದು ಬೆಳೆದ ಮನಸ್ಸಿಗೆ ಈ ಕಥೆಗಳಲ್ಲಿ ಮೊದಲು ಎಡರಾಗುವುದು ಈ ಅವಿಭಾಗವೇ.

ಸಂಭಾವಿತ ಉತ್ತರಾಧಿಕಾರಿ ಎಂಬ ಪದಾರ್ಥವನ್ನು ಆಸ್ಟಿನ್ನಳ ‘ಪರ್ಸುಯೇಷನ್’ ಒಂದೇ ಪುಟದಲ್ಲಿ ತೋರಿಸಿಬಿಡುತ್ತದೆ. ಸಾಮರ್‌ಸೆಟ್ಟಿನ ಕೆಲಿಂಚ್ ಹಾಲಿನ ಸರ್ ವಾಲ್ಟರ್ ಎಲಿಯಟ್ ಓದುವ ಪುಸ್ತಕ ಒಂದೇ, ಬ್ಯಾರೊನೆಟ್ಟುಗಳ ವಂಶಾವಳಿ. ಅದರಲ್ಲಿ ಆತನ ಸಂತತಿಯ ಪಟ್ಟಿಯಿದೆ: 1785ರಲ್ಲಿ ಎಲಿಜಬೆತ್, 1787ರಲ್ಲಿ ಆನ್, 1789ರ ನವೆಂಬರ್ 5ರಂದು ಸತ್ತು ಹುಟ್ಟಿದ ಗಂಡುಮಗು, 1791ರಲ್ಲಿ ಮೇರಿ. ಅಚ್ಚಾದ ಸಾಲುಗಳ ನಡುವೆ ಆತ ಕೈಯಾರೆ ಮೇರಿಯ ಮದುವೆಯ ದಿನವನ್ನು, ಹೆಂಡತಿ ತೀರಿದ ತಾರೀಖನ್ನು ಸೇರಿಸಿದ್ದಾನೆ. ಎಲ್ಲದರ ಕೆಳಗೆ ಅದೇ ಕೈಬರಹದಲ್ಲಿ ಸಂಭಾವಿತ ಉತ್ತರಾಧಿಕಾರಿಯ ಹೆಸರು, ಎರಡನೆಯ ಸರ್ ವಾಲ್ಟರನ ಮರಿಮಗ ವಿಲಿಯಂ ವಾಲ್ಟರ್ ಎಲಿಯಟ್. 1789ರ ಆ ಒಂದು ಸಾಲು ಬೇರೆಯಾಗಿದ್ದರೆ ಈ ಕೊನೆಯ ಸಾಲು ಇರುತ್ತಿರಲಿಲ್ಲ. ತಂದೆ ಅದನ್ನು ದುಃಖದಿಂದ ಓದುತ್ತಾನೆಂದು ಕಾದಂಬರಿ ಎಲ್ಲೂ ಹೇಳದು. ವಿಲಿಯಂ ಎಲಿಯಟ್ ಬಾತ್ ನಗರಕ್ಕೆ ಧಾವಿಸಿ ಬರುವುದೂ ಇದರ ಫಲ. ವಿಧುರನಾದ ಸರ್ ವಾಲ್ಟರ್ ಕ್ಲೇ ಎಂಬ ವಿಧವೆಯನ್ನು ಮದುವೆಯಾಗಿ ಗಂಡುಮಗು ಪಡೆದರೆ ತನ್ನ ಸಂಭಾವಿತತ್ವ ನಾಶವಾಗುವುದೆಂದು ಅವನಿಗೆ ಗೊತ್ತು. ಡೌನ್ಟನ್ ಧಾರಾವಾಹಿಯಲ್ಲಿ ಅರ್ಲನ ಹೆಂಡತಿ ಕೋರಾ ನಡುವಯಸ್ಸಿನಲ್ಲಿ ಗರ್ಭಿಣಿಯಾದಾಗ ಸಂಭಾವಿತ ಉತ್ತರಾಧಿಕಾರಿ ಮ್ಯಾಥ್ಯೂ ಎದುರಿಸುವ ಸಂದೇಹವೂ ಸ್ವರೂಪತಃ ಇದೇ. ಗರ್ಭ ಕಳೆದುಹೋಯಿತು, ಗಂಡೆಂದು ತಿಳಿಯಿತು.

ಇನ್ನು ಕ್ಷೇತ್ರದ ಬಂಧ. ಭೂಮಿಯನ್ನು ಸಂತತಿಕ್ರಮಕ್ಕೆ ಕಟ್ಟಲು 1285ರ ಶಾಸನ ಅವಕಾಶ ಕೊಟ್ಟಿತು, ಅದೇ ಎಂಟೇಲ್. 15ನೆಯ ಶತಮಾನದ ಹೊತ್ತಿಗೆ ನ್ಯಾಯಾಲಯಗಳೇ ಅದನ್ನು ಬಿಚ್ಚುವ ಕೃತ್ರಿಮ ವ್ಯಾಜ್ಯದ ಉಪಾಯವನ್ನು ಒಪ್ಪಿಕೊಂಡವು. ಅದಕ್ಕೆ ಪ್ರತ್ಯುಪಾಯವಾಗಿ 17ನೆಯ ಶತಮಾನದಲ್ಲಿ ವಕೀಲರು ಬಿಗಿಬಂಧಪತ್ರವನ್ನು ಹೆಣೆದರು. ಅದರಲ್ಲಿ ಈಗಿನ ಧಾರಕನಿಗೆ ಜೀವಾವಧಿ ಭೋಗ ಮಾತ್ರ. ಶೇಷಾಧಿಕಾರ ಹಿರಿಯ ಮಗನಿಗೆ. ವಿಧವೆಗೂ ಕಿರಿಯ ಮಕ್ಕಳಿಗೂ ಹುಟ್ಟುವಳಿಯಿಂದ ಭಾಗ. ಕಾನೂನು ನಿರವಧಿಕ ಬಂಧವನ್ನು ಸಹಿಸದಾದ್ದರಿಂದ ಗಂಟನ್ನು ತಲೆಮಾರಿಗೊಮ್ಮೆ ಹೊಸದಾಗಿ ಹಾಕಬೇಕಿತ್ತು. ಮಗ ಇಪ್ಪತ್ತೊಂದು ತುಂಬಿದಾಗ ತಂದೆ ಅವನನ್ನು ಕರೆದು, ಕೈಖರ್ಚಿಗೆ ವರ್ಷಾಶನ ಗೊತ್ತುಮಾಡಿ, ಇಬ್ಬರೂ ಕೂಡಿ ಹಳೆಯದನ್ನು ಬಿಚ್ಚಿ ಹೊಸದಕ್ಕೆ ಸಹಿ ಮಾಡುತ್ತಿದ್ದರು. ಬಿಚ್ಚಿದ ಕ್ಷಣಕ್ಕೂ ಕಟ್ಟಿದ ಕ್ಷಣಕ್ಕೂ ನಡುವೆ ಆ ಮಗ ನಿಜವಾದ ಒಡೆಯನಾಗಬಹುದಾಗಿತ್ತು. ಸಾಲದ ಹೊರೆ, ಕೈಖರ್ಚಿನ ತುರ್ತು ಎಂಬ ಕಾರಣದಿಂದ ಅವನು ಆ ಕ್ಷಣವನ್ನು ಕೈಬಿಡುತ್ತಿದ್ದನು. ‘ಪೂರ್ವಿಕರಿಂದ ಬಂದದ್ದು’ ಎಂಬ ಮಾತಿನ ಹಿಂದೆ ಇರುವುದು ಹೀಗೆ ಮತ್ತೆ ಮತ್ತೆ ಬರೆಯಲ್ಪಟ್ಟ ಕಾಗದ. ಬಂಧ ಎಲ್ಲೆಡೆ ಸಮಗ್ರವೂ ಅಲ್ಲ. ಕೆಲಿಂಚಿನಲ್ಲಿ ಸರ್ ವಾಲ್ಟರ್ ಪರಭಾರೆ ಮಾಡಬಹುದಾದ ಅಲ್ಪಭಾಗವನ್ನೆಲ್ಲ ಅಡಮಾನ ಮಾಡಿ ಮುಗಿಸಿದ್ದಾನೆ. ಉಳಿದುದನ್ನು ಮಾರಲಾಗದೆ ಮನೆಯನ್ನು ಅಡ್ಮಿರಲ್ ಕ್ರಾಫ್ಟನಿಗೆ ಬಾಡಿಗೆಗೆ ಕೊಡುತ್ತಾನೆ. ಮನೆ ಒಬ್ಬನ ವಾಸಕ್ಕೆ, ಪದವಿ ಇನ್ನೊಬ್ಬನೊಡನೆ ಬಾತಿನ ಬಾಡಿಗೆಮನೆಗೆ. ಪದವಿಯನ್ನು ಮಾತ್ರ ಬಾಡಿಗೆಗೆ ಕೊಡಲು ಬರುವಂತಿದ್ದರೆ ಆತ ಮೊದಲು ಸಾಯುತ್ತಿದ್ದನು.

ಡೌನ್ಟನ್ ಪ್ರಕರಣ ಇಲ್ಲಿಂದ ವಿಶದವಾಗುತ್ತದೆ. 2010ರಿಂದ 2015ರವರೆಗೆ ಪ್ರಸಾರವಾದ, ಜೂಲಿಯನ್ ಫೆಲೋಸ್ ರಚಿಸಿದ ಈ ಧಾರಾವಾಹಿ 1912ರ ಏಪ್ರಿಲಿನಲ್ಲಿ, ಟೈಟಾನಿಕ್ ಮುಳುಗಿದ ಸುದ್ದಿಯೊಂದಿಗೆ ಆರಂಭವಾಗುತ್ತದೆ. ಅರ್ಲ್ ರಾಬರ್ಟನಿಗೆ ಮೂವರು ಹೆಣ್ಣುಮಕ್ಕಳು; ಉತ್ತರಾಧಿಕಾರಿಗಳಾಗಿದ್ದ ದಾಯಾದಿ ಜೇಮ್ಸ್, ಅವನ ಮಗ ಪ್ಯಾಟ್ರಿಕ್ ಇಬ್ಬರೂ ಹಡಗಿನಲ್ಲಿ ಸತ್ತರು. ಮುಂದಿನವನು ಮ್ಯಾಂಚೆಸ್ಟರಿನ ವಕೀಲ ಮ್ಯಾಥ್ಯೂ, ದೂರದ ದಾಯಾದಿ. ಇಲ್ಲಿ ಮೂರು ಸಂಕ್ರಮಣಗಳನ್ನು ಬಿಡಿಸಿ ನೋಡಬೇಕು. ಪದವಿ ಸನ್ನದಿನ ಪ್ರಕಾರ ಮ್ಯಾಥ್ಯೂವಿಗೆ. ಅದನ್ನು ಯಾರೂ ತಪ್ಪಿಸಲಾರರು. ಭೂಮಿ ಬಂಧಪತ್ರದ ಪ್ರಕಾರ ಮ್ಯಾಥ್ಯೂವಿಗೆ. ಅಮೆರಿಕದಿಂದ ಕೋರಾ ತಂದ ವಧೂಧನ ಬಂಧದೊಳಗೆ ಬೆರೆತುಹೋದುದರಿಂದ ಅದೂ ಮ್ಯಾಥ್ಯೂವಿಗೆ. ತಾಯಿಯ ಹಣ ಮಗಳಿಗೆ ಸಿಗದೆ, ಮುಖವೇ ಕಾಣದ ವಕೀಲನಿಗೆ ಸಲ್ಲುವುದೇ ಇಲ್ಲಿಯ ಅನ್ಯಾಯದ ತಿರುಳು. ರಾಬರ್ಟನ ತಾಯಿ, ಮುದುಕಿ ವಯಲೆಟ್ ಕೂಡ ಬಂಧವನ್ನು ಒಡೆಯಬೇಕೆನ್ನುವುದು ಇದಕ್ಕಾಗಿಯೇ, ಸಮತೆಯ ಮೇಲಿನ ಪ್ರೀತಿಯಿಂದಲ್ಲ. ಶಾಸ್ತ್ರದೃಷ್ಟಿಯಿಂದ ಒಂದು ಟಿಪ್ಪಣಿ ಇಲ್ಲಿ ಅವಶ್ಯ. ಬಂಧಪತ್ರ ರೂಢಿಯ ಬಗೆಯದಾಗಿದ್ದರೆ, 1833ರ ಶಾಸನದ ಮೇರೆಗೆ ಜೀವಾವಧಿ ಭೋಗಿಯೂ ವಯಸ್ಕನಾದ ಶೇಷಾಧಿಕಾರಿಯೂ ಕೂಡಿ ಅದನ್ನು ಬಿಚ್ಚಬಹುದಾಗಿತ್ತು. ಧಾರಾವಾಹಿ ದಾರಿಯಿಲ್ಲವೆನ್ನುತ್ತದೆ. ಬಿಚ್ಚಲು ಅನುಮತಿಸಬೇಕಾದವನು ಅದರಿಂದ ನಷ್ಟಹೊಂದುವವನೇ ಆದುದರಿಂದ ವ್ಯವಹಾರದಲ್ಲಿ ಅದು ಸುಳ್ಳಲ್ಲ.

ಈಗ ಪೂರ್ವಪಕ್ಷಗಳು. ಮೊದಲನೆಯವನು ಹೇಳುತ್ತಾನೆ: ಬಿರುದಿನಲ್ಲೇ ಸ್ಥಳನಾಮವಿದೆ, ಸ್ಥಳವಿಲ್ಲದೆ ಬಿರುದಿಲ್ಲ, ಆದ್ದರಿಂದ ಕ್ಷೇತ್ರವು ಪದವಿಯ ಸ್ವರೂಪದಲ್ಲೇ ಅಡಕ. ಇದು ದುರ್ಬಲ. ಗ್ರಾಂಥಮ್ ಇರುವುದು ಲಿಂಕನ್‌ಷೈರಿನಲ್ಲಿ, ಡೌನ್ಟನ್ ಇರುವುದಾಗಿ ಕಲ್ಪಿಸಿದ್ದು ಯಾರ್ಕ್‌ಷೈರಿನಲ್ಲಿ. ಎಮ್ಸ್‌ವರ್ತ್ ಹ್ಯಾಂಪ್‌ಷೈರಿನ ಕರಾವಳಿಯ ಊರು, ವುಡ್‌ಹೌಸ್ ಅಲ್ಲಿ ವಾಸವಾಗಿದ್ದವನು. ಅವನ ಬ್ಲಾಂಡಿಂಗ್ಸ್ ದುರ್ಗ ಶ್ರಾಪ್‌ಷೈರಿನಲ್ಲಿ, ಅರ್ಲ್ ತನ್ನ ಹಂದಿಯನ್ನು ಬಿಟ್ಟು ಅಲ್ಲಿಂದ ಕದಲಲೊಲ್ಲ. ಲೋಕದಲ್ಲೂ ಡೆವನ್‌ಷೈರಿನ ಡ್ಯೂಕನ ಮನೆ ಚಾಟ್ಸ್‌ವರ್ತ್ ಡಾರ್ಬಿಷೈರಿನಲ್ಲಿದೆ. ಸ್ಥಳನಾಮವು ಉಪಲಕ್ಷಣ, ವಿಶೇಷಣವಲ್ಲ.

ಪೂರ್ವಪಕ್ಷಿ ಚತುರನಾದರೆ ಅಲ್ಲಿಗೆ ನಿಲ್ಲುವುದಿಲ್ಲ. ಅವನು ಅರಂಡೆಲ್ ದುರ್ಗವನ್ನು ತಂದಿಡುತ್ತಾನೆ: 1433ರಲ್ಲಿ ಜಾನ್ ಫಿಟ್ಸ್‌ಆಲನ್ ದುರ್ಗದ ಸ್ವಾಧೀನದ ಬಲದಿಂದಲೇ ಅರಂಡೆಲ್ಲಿನ ಅರ್ಲ್ ಎಂದು ಮಾನ್ಯನಾದನು, 1627ರಲ್ಲಿ ಪಾರ್ಲಿಮೆಂಟಿನ ಶಾಸನವೇ ದುರ್ಗವನ್ನೂ ಅರ್ಲ್ ಪದವಿಯನ್ನೂ ಒಂದಕ್ಕೊಂದು ಸೇರಿಸಿತು. ಇಲ್ಲಿ ಮಣ್ಣು ಹಿಡಿದವನಿಗೆ ಬಿರುದು ಬಂದಿತಲ್ಲ? ಉತ್ತರ: ಶಾಸನವೊಂದು ವಿಶೇಷವಾಗಿ ವಿಧಿಸಬೇಕಾಯಿತೆಂಬುದೇ ಸಾಮಾನ್ಯನಿಯಮ ಹಾಗಿಲ್ಲವೆಂಬುದಕ್ಕೆ ಗಮಕ, ಪ್ರಾಪ್ತವಾದುದಕ್ಕೆ ವಿಧಿ ಬೇಡ. ಅಲ್ಲದೆ ಬರ್ಕ್ಲಿ ದುರ್ಗವನ್ನು ಹಿಡಿದಿದ್ದವನು ಆ ಸ್ವಾಧೀನದಿಂದಲೇ ತಾನು ಬ್ಯಾರನ್ ಎಂದು ವಾದಿಸಿದಾಗ ಹೌಸ್ ಆಫ್ ಲಾರ್ಡ್ಸ್ 1861ರಲ್ಲಿ ಅದನ್ನು ತಿರಸ್ಕರಿಸಿತು. ಇಂಗ್ಲೆಂಡಿನಲ್ಲಿ ಮ್ಯಾನರ್ ಒಡೆತನ ಕ್ರಯಕ್ಕೆ ಸಿಗುತ್ತದೆ, ಕೊಂಡವನು ಪಿಯರ್ ಆಗುವುದಿಲ್ಲ. ಸ್ಕಾಟ್ಲೆಂಡಿನ ಭೂಬ್ಯಾರನ್ನುಗಳ ವಿಷಯ ಬೇರೆ. ಅಲ್ಲಿ ಆ ಗೌರವ 2004ರವರೆಗೆ ನೆಲವನ್ನೇ ಅನುಸರಿಸುತ್ತಿತ್ತು, ಆದರೆ ಅದೂ ಪಿಯರೇಜ್ ಅಲ್ಲ. ವಿಜ್ಞಾನೇಶ್ವರನ ಒಂದು ಯುಕ್ತಿಯನ್ನು ಇಲ್ಲಿಗೆ ತಂದರೆ ಭೇದ ಇನ್ನೂ ಸ್ಫುಟವಾಗುತ್ತದೆ. ಕ್ರಯ, ಅಡಮಾನ ಮೊದಲಾದ ಲೌಕಿಕ ವ್ಯವಹಾರಗಳಿಗೆ ಸಾಧನವಾಗುವುದರಿಂದ ಸ್ವತ್ವವು ಲೌಕಿಕವೇ ಎಂದು ಅವನು ಸಾಧಿಸುತ್ತಾನೆ. ಭೂಮಿ ಈ ಪರೀಕ್ಷೆಯಲ್ಲಿ ಉತ್ತೀರ್ಣ. ಪದವಿಯನ್ನು ಮಾರಲಾಗದು, ಒತ್ತೆಯಿಡಲಾಗದು, ಹಂಚಲಾಗದು, ಉಯಿಲಿನಲ್ಲಿ ಬರೆಯಲಾಗದು. 1963ರವರೆಗೆ ಬೇಡವೆನ್ನಲೂ ಆಗುತ್ತಿರಲಿಲ್ಲ, ಆಮೇಲೂ ತನ್ನ ಜೀವಾವಧಿಗೆ ಮಾತ್ರ. ಆದುದರಿಂದ ಅದು ಸ್ವತ್ವವೇ ಅಲ್ಲ, ಶಾಸನೈಕಗಮ್ಯವಾದ ಸ್ಥಾನ.

ಎರಡನೆಯ ಪೂರ್ವಪಕ್ಷಿ ಕಣ್ಣನ್ನು ನಂಬುವವನು. ಡೌನ್ಟನ್ ಎಂದು ತೋರಿದ್ದು ಹ್ಯಾಂಪ್‌ಷೈರಿನ ಹೈಕ್ಲಿಯರ್ ದುರ್ಗ, ಕಾರ್ನಾರ್ವನ್ ಅರ್ಲರ ಮನೆ. ಅದು ಇದೆ, ಟಿಕೆಟ್ ಕೊಂಡು ನೋಡಬಹುದು. ಹಾಗಾದರೆ ಕ್ಷೇತ್ರ ಕಲ್ಪಿತ ಹೇಗೆ? ಶುಕ್ತಿಯಲ್ಲಿ ರಜತ ತೋರಿದಾಗ ಶುಕ್ತಿ ಸತ್ಯವೆಂಬುದರಿಂದ ರಜತ ಸತ್ಯವಾಗದು ಎಂಬುದೇ ಸಮಾಧಾನ. ಅಧಿಷ್ಠಾನ ಬೇರೆ, ಆರೋಪ ಬೇರೆ. ಆದರೆ ಈ ಆರೋಪ ನಿರಾಧಾರವಲ್ಲ. ಐದನೆಯ ಕಾರ್ನಾರ್ವನ್ ಅರ್ಲ್ 1895ರಲ್ಲಿ ಆಲ್ಮಿನಾಳನ್ನು ಮದುವೆಯಾದಾಗ ಆಲ್ಫ್ರೆಡ್ ಡಿ ರಾತ್ಸ್‌ಚೈಲ್ಡ್ ಕೊಟ್ಟ ಧನ ಹೈಕ್ಲಿಯರನ್ನು ಸಾಲದಿಂದ ಎತ್ತಿತು. ಕೋರಾಳ ವಧೂಧನಕ್ಕೆ ದೃಷ್ಟಾಂತ ಹುಡುಕಲು ಮನೆಯ ಹೊರಗೆ ಹೋಗಬೇಕಿಲ್ಲ. ಪದವಿಯ ಪುರುಷೈಕಗಾಮಿತ್ವಕ್ಕೂ ಕರ್ತೃವಿಗೆ ಮನೆಯಲ್ಲೇ ನಿದರ್ಶನವಿತ್ತು. ಫೆಲೋಸ್ ಮದುವೆಯಾದುದು ಕಿಚನರ್ ಅರ್ಲರ ಮನೆತನದಲ್ಲಿ. 2011ರಲ್ಲಿ ಕೊನೆಯ ಅರ್ಲ್ ತೀರಿದಾಗ ಗಂಡುಸಂತತಿಯಿಲ್ಲದೆ ಆ ಪದವಿ ಅಳಿಯಿತು.

ಧನವನ್ನು ಕುರಿತ ಮೂರನೆಯ ಪಕ್ಷ ಹೆಚ್ಚು ಗಂಭೀರ. ಕಾನನ್ ಡಾಯ್ಲನ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ (1902) ಕಾದಂಬರಿಯಲ್ಲಿ ಕೆನಡಾದಿಂದ ಬಂದ ಸರ್ ಹೆನ್ರಿ ಮನೆ, ನೆಲ, ಹಣ ಮೂರೂ ಒಟ್ಟಿಗೆ ಹೋಗಬೇಕೆನ್ನುತ್ತಾನೆ. ಹಾಗಾದರೆ ಧನವೂ ಕುಲಕ್ಷೇತ್ರದ ಘಟಕವಲ್ಲವೆ? ಅಲ್ಲ. ಅಲ್ಲಿಯೇ ವಿವೇಕವಿದೆ. ಹೆನ್ರಿ ಸತ್ತರೆ ಎಂಟೇಲಾದ ಭೂಮಿ ಮುಂದಿನ ದಾಯಾದಿಯೆಂದು ಎಲ್ಲರೂ ತಿಳಿದಿದ್ದ ವೃದ್ಧ ಪಾದ್ರಿ ಡೆಸ್ಮಂಡನಿಗೆ ತಾನಾಗಿ ಸಲ್ಲುತ್ತದೆ. ಹಣ ಹೆನ್ರಿ ಬೇರೆ ಉಯಿಲು ಬರೆಯದಿದ್ದರೆ ಮಾತ್ರ. ಹಣದ ಬೆಸುಗೆ ಇಚ್ಛಾಧೀನ, ಭೂಮಿಯದು ವಿಧ್ಯಧೀನ. ಹೆನ್ರಿಯ ಮಾತು ವಸ್ತುಸ್ಥಿತಿಯ ಅನುವಾದವಲ್ಲ, ಒಂದು ಸಂಕಲ್ಪ. ಆತನ ದೊಡ್ಡಪ್ಪ ಸರ್ ಚಾರ್ಲ್ಸ್ ದಕ್ಷಿಣ ಆಫ್ರಿಕಾದ ವಹಿವಾಟಿನಲ್ಲಿ ಗಳಿಸಿ ತಂದ ಹಣ ಅದು; ಹೆನ್ರಿಗೆ ಬಂದದ್ದು 7,40,000 ಪೌಂಡು, ಕುಸಿದ ಮನೆಯನ್ನು ಎತ್ತಲು. ಹಾಗಾಗಿ ಧನ ಅಂಗ, ಕ್ಷೇತ್ರ ಅಂಗಿ. ಉಪಕಾರಕವಾದುದು ಉಪಕಾರ್ಯದ ಸ್ವರೂಪದಲ್ಲಿ ಸೇರದು. ಕೋರಾಳ ಹಣ ಬಂಧದೊಳಗೆ ಸೇರಿತಲ್ಲವೆಂದರೆ, ಸೇರಿಸಲ್ಪಟ್ಟಿತು; ಸ್ವಭಾವದಿಂದ ಸೇರಿರಲಿಲ್ಲ. ಮುಂದೆ ರಾಬರ್ಟ್ ಅದನ್ನು ಕೆನಡಾದ ರೈಲ್ವೆ ಷೇರಿನಲ್ಲಿ ಕಳೆದುಕೊಂಡಾಗ ಭೂಮಿ, ಪದವಿ ಇದ್ದಂತೆಯೇ ಇದ್ದವು. ನಡೆಸುವ ಶಕ್ತಿ ಮಾತ್ರ ಹೋಯಿತು. ಸ್ಟೇಪಲ್‌ಟನ್ನನ ಹಂಚಿಕೆಯೂ ಇದರಿಂದ ತಿಳಿಯುತ್ತದೆ. ಅವನು ಗುಪ್ತನಾಮದ ಬಾಸ್ಕರ್‌ವಿಲ್, ಹೆನ್ರಿಯ ನಂತರದ ಮತ್ತು ಪಾದ್ರಿಗಿಂತ ಮುಂಚಿನ ಉತ್ತರಾಧಿಕಾರಿ. ನೆಲವೂ ಪದವಿಯೂ ತಾನಾಗಿ ಬರುವಂಥವು. ಕೊಲೆ ಮಾಡಿದವನು ತಾನೇ ಉತ್ತರಾಧಿಕಾರಿಯೆಂದು ಎದ್ದು ನಿಲ್ಲುವುದು ಹೇಗೆಂಬುದು ಮಾತ್ರ ಅವನಿಗೆ ಕಗ್ಗಂಟಾಯಿತು, ಹೋಮ್ಸ್ ಕೂಡ ಅದಕ್ಕೆ ಮೂರು ಸಾಧ್ಯತೆಗಳನ್ನು ಹೇಳಿ ಬಿಡುತ್ತಾನೆ.

ಈ ಬಂಧಗಳೆಲ್ಲ ಇಂದು ಲುಪ್ತವಾದುವಾದ್ದರಿಂದ ವಿಚಾರ ವ್ಯರ್ಥವೆಂಬ ನಾಲ್ಕನೆಯ ಪಕ್ಷಕ್ಕೆ ಬಹಳ ಹೇಳಬೇಕಾಗಿಲ್ಲ. 1882ರ ಶಾಸನ ಜೀವಾವಧಿ ಭೋಗಿಗೆ ಭೂಮಿ ಮಾರುವ ಅಧಿಕಾರ ಕೊಟ್ಟಿತು, ಪ್ರಧಾನ ಗೃಹವನ್ನು ಮಾರಲು ಮಾತ್ರ ಟ್ರಸ್ಟಿಗಳ ಅಥವಾ ನ್ಯಾಯಾಲಯದ ಒಪ್ಪಿಗೆ ಬೇಕೆಂದಿತು. 1894ರಲ್ಲಿ ಮರಣತೆರಿಗೆ ಬಂದಿತು. 1996ರ ನಂತರ ಹೊಸ ಎಂಟೇಲ್ ಸೃಷ್ಟಿಸಲಾಗದು. 1999ರಲ್ಲಿ ಬಹುಪಾಲು ಅನುವಂಶಿಕ ಪಿಯರುಗಳು ಲಾರ್ಡ್ಸ್ ಸಭೆಯಿಂದ ಹೊರಬಿದ್ದರು. ನಿಯಮದ ನಿವೃತ್ತಿಯಿಂದ ನಿಯಮಾಧೀನವಾದ ಕಥೆಯ ಅರ್ಥ ನಿವೃತ್ತವಾಗದು. ಯಜ್ಞ ನಿಂತರೂ ಯಜ್ಞವಾಕ್ಯದ ಅರ್ಥವಿಚಾರ ನಿಲ್ಲಲಿಲ್ಲ.

ಕಡೆಯದು, ಲಕ್ಷಣವನ್ನೇ ಹೊಡೆಯುವ ಪಕ್ಷ. ಈವ್ಲಿನ್ ವಾ ಬರೆದ ‘ಬ್ರೈಡ್ಸ್‌ಹೆಡ್ ರಿವಿಸಿಟೆಡ್’ (1945) ಕಾದಂಬರಿಯಲ್ಲಿ ಲಾರ್ಡ್ ಮಾರ್ಚ್‌ಮೇನ್ ಸಾಯಲು ಮನೆಗೆ ಮರಳುತ್ತಾನೆ. ಮಲಗುವ ಕೋಣೆಗೆ ಹತ್ತಲಾಗದೆ ಚೀನೀ ಅಲಂಕಾರದ ಬೈಠಕ್‌ಖಾನೆಯಲ್ಲಿ ರಾಣಿಯ ಮಂಚವನ್ನು ಹಾಕಿಸಿಕೊಂಡು ಅಲ್ಲಿಂದಲೇ ಮನೆಯನ್ನು ವಿಲೇವಾರಿ ಮಾಡುತ್ತಾನೆ. ಹಿರಿಯ ಮಗ ಮದುವೆಯಾದ ವಿಧವೆ ಬೆರಿಲ್ ಆತನಿಗೆ ಹಿಡಿಸಲಿಲ್ಲ, ಮನೆ ಜೂಲಿಯಾಳಿಗೆ. ಪದವಿ ಒಂದು ಕಡೆ, ಕ್ಷೇತ್ರ ಇನ್ನೊಂದು ಕಡೆ. ಅವಿಯೋಗವೇ ಲಕ್ಷಣವಾದರೆ ಬ್ರೈಡ್ಸ್‌ಹೆಡ್ ಕುಲಕ್ಷೇತ್ರವಲ್ಲವೆಂದಾಗುತ್ತದೆ, ಆಗ ಅವ್ಯಾಪ್ತಿ. ಅದು ಕುಲಕ್ಷೇತ್ರವೆನ್ನುವುದಾದರೆ ಲಕ್ಷಣ ಹಾಳು. ಇದಕ್ಕಾಗಿಯೇ ‘ಉದ್ದೇಶದಿಂದ’ ಎಂದುದು. ಲಕ್ಷಣದಲ್ಲಿ ಹೇಳಿದ್ದು ಅವಿಯೋಗದ ಉದ್ದೇಶವನ್ನು, ಅವಿಯೋಗದ ಸಿದ್ಧಿಯನ್ನಲ್ಲ. ತಲೆಮಾರುಗಳು ಕೂಡಿಟ್ಟದ್ದನ್ನು ಒಡೆದಾಗಲೇ ಮಾರ್ಚ್‌ಮೇನನ ಕೃತ್ಯ ಭಂಗವೆನಿಸುತ್ತದೆ. ಕೂಡಿಡುವ ಕರ್ತವ್ಯವೇ ಇರದಿದ್ದರೆ ಅದು ಬರಿಯ ಉಡುಗೊರೆ. ಲೋಕದಲ್ಲೂ ಸಾಕ್ಷ್ಯವಿದೆ. 1981ರ ಗ್ರಾನಡಾ ಧಾರಾವಾಹಿಗೆ ಆರಿಸಿಕೊಂಡ ಕಾಸಲ್ ಹೊವರ್ಡ್ ಕಾರ್ಲೈಲ್ ಅರ್ಲರಿಗಾಗಿ ಕಟ್ಟಿದ್ದು. 20ನೆಯ ಶತಮಾನದ ಆರಂಭದಲ್ಲಿ ಆ ಮನೆ ಕಿರಿಯ ಶಾಖೆಗೆ ಸಂದಿತು, ಅರ್ಲ್ ಪದವಿ ಹಿರಿಯ ಶಾಖೆಯಲ್ಲಿ ಉಳಿಯಿತು.

ಇಲ್ಲಿ ಒಂದು ಉಪವಿಚಾರ. ಸಾಯುವ ಮಾರ್ಚ್‌ಮೇನ್ ತನ್ನ ಬಿರುದುಗಳನ್ನೂ ವಿಂಗಡಿಸುತ್ತಾನೆ: ದೊಡ್ಡ ಗೌರವಗಳು ಜಾರ್ಜ್ ದೊರೆಗಳ ಕಾಲದವು, ಕೊನೆಗೆ ಬಂದವು ಮೊದಲು ಹೋಗುತ್ತವೆ, ಅಜಿನ್‌ಕೋರ್ಟ್ ಯುದ್ಧದ ಕಾಲದ ಬ್ಯಾರನ್ ಪದವಿ ಉಳಿದು ಜೂಲಿಯಾಳ ಮಗನಿಗೆ ಸಲ್ಲುತ್ತದೆ ಎಂದು. ಬ್ಯಾರನ್ ಪದವಿಯ ಉತ್ಪತ್ತಿ ಯಾವುದೆಂದು ಕಾದಂಬರಿ ಹೇಳದು. ಆದರೆ ಪುರುಷಸಂತತಿಗೆ ಸೀಮಿತವಾದ ಸನ್ನದಿನಿಂದ ಮಗಳ ಮಗನಿಗೆ ಪದವಿ ಬರಲಾಗದು, ಆದ್ದರಿಂದ ಅದು ಆಹ್ವಾನಪತ್ರಜನ್ಯವೆಂದು ಅರ್ಥಾಪತ್ತಿಯಿಂದ ಸಿದ್ಧ. ಈಗ ಆಕ್ಷೇಪ: ಆಹ್ವಾನಪತ್ರಜನ್ಯ ಪದವಿಯಲ್ಲಿ ಸೋದರಿಯರು ಸಮಾಧಿಕಾರಿಗಳು, ಹಿರಿಯಳೆಂಬ ಆಧಿಕ್ಯವಿಲ್ಲ, ಇಬ್ಬರು ಗಂಡುಮಕ್ಕಳೂ ನಿಸ್ಸಂತಾನರಾಗಿ ತೀರಿದರೆ ಪದವಿ ಜೂಲಿಯಾ ಮತ್ತು ಕಾರ್ಡೀಲಿಯಾರ ನಡುವೆ ನಿಲಂಬಿತವಾಗುತ್ತದೆ, ದೊರೆ ಒಬ್ಬರಿಗೆ ಇತ್ತು ನಿಲಂಬನವನ್ನು ಮುಗಿಸುವವರೆಗೆ ಯಾರಿಗೂ ಇಲ್ಲ, ಆದ್ದರಿಂದ ಮುದುಕನ ಮಾತು ಅಶಾಸ್ತ್ರೀಯ. ಸಮಾಧಾನ: ಅವನ ಮಾತಿನಲ್ಲಿ ‘ನೀವೆಲ್ಲ ಸತ್ತ ಮೇಲೆ’ ಎಂಬರ್ಥದ ಉಪಾಧಿಯಿದೆ. ಕಾರ್ಡೀಲಿಯಾ ನಿಸ್ಸಂತಾನಳಾಗಿ ತೀರಿದಲ್ಲಿ ಸಮಾಧಿಕಾರಿಗಳ ಒಂದು ಶಾಖೆ ಮುಗಿದು, ಉಳಿದ ಏಕೈಕ ಶಾಖೆಗೆ ನಿಲಂಬನ ತಾನಾಗಿ ತೀರಿ ಪದವಿ ಸಲ್ಲುತ್ತದೆ. ಎಲ್ಲರೂ ಸತ್ತಿರುವ ಕಾಲದಲ್ಲಿ ಜೂಲಿಯಾಳ ಮಗನು ಬ್ಯಾರನ್ ಆಗುವುದಕ್ಕೆ ಬಾಧಕವಿಲ್ಲ. ಆ ಹೊತ್ತಿಗೆ ಜೂಲಿಯಾಳಿಗೆ ಮಗನೇ ಇಲ್ಲವೆಂಬುದು ಬೇರೆ ಮಾತು. ಅದು ಅಧಿಕಾರಿಯ ಅಭಾವ, ಅಧಿಕಾರದ ಅಭಾವವಲ್ಲ.